ಮಚ್ಚೇಂದ್ರನ ಬಡತನದ ಪಂಚನಾಮೆ

ಬಸವಕಲ್ಯಾಣಕ್ಕೆ ಇನ್ನೂ ಕಲ್ಯಾಣಿ ಎಂದಷ್ಟೇ ಹೆಸರಿದ್ದ ನಿಜಾಮರ ಕಾಲ. ೧೯೩೮ರಲ್ಲಿ ಆ ಊರಿನ ಮಚ್ಚೇಂದ್ರ ಬಿ.ಎ. ಪಾಸಾಗಿ ಬಂದ. ಅವನ ಓಣಿಯಲ್ಲಿ ಅದುವರೆಗೆ ಎಲ್ಲರಿಗಿಂತ ಹೆಚ್ಚು ಓದಿದವನೆಂದರೆ ಟಾಂಗಾ ಹೊಡೆಯುವವನು. ಅವನು ದಾರಿಯ ಮೈಲುಗಲ್ಲುಗಳನ್ನು ಓದುತ್ತಿದ್ದ.

ಮಚ್ಚೇಂದ್ರನ ತಾಯಿ ಸತ್ಯಮ್ಮ ಗಂಡ ಸತ್ತ ಮೇಲೆ ಕೌದಿ ಹೊಲಿದು ಮಗನನ್ನು ಸಾಕಿದವಳು. ಅವಳು ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿ ಗಂಟು ಹಾಕಿದ್ದರೆ ಆ ದಾರ ಹೈದರಾಬಾದಿಗೆ ಹೋಗಿ, ಚಾರಮಿನಾರಿಗೆ ಮೂರು ಸುತ್ತು ಸುತ್ತಿ, ಉಳಿದದ್ದು ಉಂಡೆಯಾಗಿ ವಾಪಸು ಬರುತ್ತಿತ್ತು. ಮನೆಯ ಬಡತನವೂ ಹಾಗೆಯೇ. ಆ ಮನೆಯ ಇಲಿಗಳು ಹೊತ್ತು ಮುಳುಗಿದೊಡನೆ ಪಕ್ಕದ ಹಜಿರಾ ಬೀ ಮನೆಗೆ ಊಟಕ್ಕೆ ಹೋಗಿ, ಮಲಗಲಿಕ್ಕೆ ಮಾತ್ರ ಇಲ್ಲಿಗೆ ಬರುತ್ತಿದ್ದವು.

ಮಚ್ಚೇಂದ್ರನಿಗೆ ಇತಿಹಾಸದಲ್ಲಿ ಎಂ.ಎ. ಮಾಡುವ ಹುಚ್ಚು. ಹೈದರಾಬಾದಿನ ವಿಶ್ವವಿದ್ಯಾಲಯ ಅವನಿಗೆ ಜಾಗ ಕೊಟ್ಟಿತ್ತು. ಆದರೆ ಫೀಸು, ಊಟ, ವಸತಿ ಎಲ್ಲಕ್ಕೂ ಬಡ ವಿದ್ಯಾರ್ಥಿಗಳಿಗೆ ಕೊಡುವ ಸರ್ಕಾರಿ ವಜೀಫಾ ಒಂದೇ ಗತಿ. ವಜೀಫಾ ಬಂದರೆ ಎಂ.ಎ., ಇಲ್ಲದಿದ್ದರೆ ಕಲ್ಯಾಣಿ. ಅವನು ಉರ್ದುವಿನಲ್ಲಿ ಬರೆದ ಅರ್ಜಿ ಆರು ಕಚೇರಿ ಸುತ್ತಿತು. ಹೋದಲ್ಲೆಲ್ಲ ಒಂದೊಂದು ಮೊಹರು, ಒಂದೊಂದು ಜೋಡಿ ಕಾಗದ ಸೇರಿ ಸೇರಿ ಕಡೆಗೆ ಅದನ್ನು ಎತ್ತಲು ಇಬ್ಬರು ಜವಾನರು ಬೇಕಾದರು. ಕೊನೆಗೆ ಉಳಿದದ್ದು ಒಂದೇ ಕಲಮು. ಹುಮನಾಬಾದಿನ ಕಂದಾಯ ಕಚೇರಿಯಿಂದ ತನಿಖೆಯ ಗಿರದಾವರ ಸಾಹೇಬರು ಮನೆಗೆ ಬಂದು, ಅರ್ಜಿದಾರ ನಿಜವಾಗಿಯೂ ಬಡವನೇ ಎಂದು ಕಣ್ಣಾರೆ ನೋಡಿ ಪಂಚನಾಮೆ ಬರೆಯಬೇಕು.

ಸಾಹೇಬರನ್ನು ಕರೆತರಲು ಹುಮನಾಬಾದಿಗೆ ಹೊರಟ ಮಚ್ಚೇಂದ್ರ ತಾಯಿಗೆ ಹೇಳಿದ: "ಯವ್ವಾ, ಅವರು ನಮ್ಮ ಬಡತನ ನೋಡಾಕ ಬರಾಕತ್ತಾರ. ಮನಿ ಹ್ಯಾಂಗೈತಿ ಹಾಂಗ ಇರಲಿ. ಏನೂ ಮಾಡಬ್ಯಾಡ."

ಸತ್ಯಮ್ಮ ಆಗಲಿ ಎಂದಳು. ಟಾಂಗಾ ಓಣಿಯ ತಿರುವು ದಾಟುವವರೆಗೆ ಆ ಮಾತಿನ ಮೇಲೆ ನಿಂತಿದ್ದಳು ಕೂಡ. ಆಮೇಲೆ ಬರಿ ನೆಲ ನೋಡಿದಳು. ಮನೆ ಕಟ್ಟಿದಾಗಿನಿಂದ ಆ ಹೊಸ್ತಿಲಿಗೆ ಬರುತ್ತಿರುವ ಮೊದಲ ಅಧಿಕಾರಿ, ಅವನನ್ನು ಎಲ್ಲಿ ಕೂರಿಸುವುದು, ಏನು ಬಡಿಸುವುದು?

ಮರುದಿನ ಹೊತ್ತು ನೆತ್ತಿಗೆ ಬಂದಾಗ ಮಚ್ಚೇಂದ್ರ ಗಿರದಾವರ ಹುಸೇನ ಸಾಹೇಬರೊಂದಿಗೆ ವಾಪಸು ಬಂದ. ಸಾಹೇಬರ ಹೊಟ್ಟೆ ಮೊದಲು ಟಾಂಗಾದಿಂದ ಇಳಿಯಿತು, ಒಂದು ಬೀಡಿ ಸೇದುವಷ್ಟು ಹೊತ್ತಿನ ಮೇಲೆ ಸಾಹೇಬರು ಇಳಿದರು. ಮಚ್ಚೇಂದ್ರನಿಗೆ ತನ್ನ ಮನೆಯ ಗುರುತೇ ಹತ್ತಲಿಲ್ಲ. ನೆಲದ ಮೇಲೆ ಹಜಿರಾ ಬೀಯ ಮದುವೆಯ ಜಮಖಾನ. ಗೋಡೆಗುಂಟ ಎದುರು ಮನೆಯ ಕಮಳಾಬಾಯಿಯ ಹಿತ್ತಾಳೆ ಕೊಡಗಳು, ಹುಣಸೆಹಣ್ಣು ಹಚ್ಚಿ ತಿಕ್ಕಿದ ಹೊಳಪಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ನಡುವೆ ಎಲ್ಲಿಂದಲೋ ಹೊತ್ತು ತಂದ ಕೈಯುಳ್ಳ ಖುರ್ಚಿ. ಇಷ್ಟಕ್ಕೆ ತೃಪ್ತಿಯಾಗದೆ ಯಾರೋ ಪುಣ್ಯಾತ್ಮರು ಬಾಗಿಲಿಗೆ ಕರು ಸಮೇತ ಎಮ್ಮೆಯನ್ನೂ ಕಟ್ಟಿ ಹೋಗಿದ್ದರು.

ಸಾಹೇಬರು ಹನ್ನೆರಡು ಹೋಳಿಗೆ ಉಂಡರು. ತುಪ್ಪ ಎಷ್ಟು ಹರಿಯಿತೆಂದರೆ ಇರುವೆಗಳು ಈಜಿ ಆಚೆ ದಡ ಸೇರಬೇಕಾಯಿತು. ಕೈ ತೊಳೆದು ದಫ್ತರ ಬಿಚ್ಚಿದರು.

"ಇವೆಲ್ಲಾ ನಿಮ್ಮವೇ ಏನ್ರಿ, ಅವ್ವಾರೆ?"

ಸತ್ಯಮ್ಮ ಸೆರಗು ಸರಿಮಾಡಿಕೊಂಡಳು. "ನಿಮ್ಮಂಥವರ ಆಶೀರ್ವಾದ್ರಿ."

ಮಚ್ಚೇಂದ್ರ ಬಾಯಿ ತೆರೆದ. ಬಾಗಿಲಲ್ಲಿ ಓಣಿಯ ಹೆಂಗಸರೆಲ್ಲ ನಿಂತಿದ್ದರು, ತಮ್ಮ ಸಾಮಾನಿನಿಂದ ಈ ಮನೆಯ ಮಾನ ಉಳಿಯಿತೆಂಬ ಸಂತೋಷ ಅವರ ಮುಖದಲ್ಲಿ. ತಾಯಿಯ ಮುಖದಲ್ಲಿ ಅದಕ್ಕಿಂತ ಹೆಚ್ಚು. ಅವನು ಬಾಯಿ ಮುಚ್ಚಿಕೊಂಡ.

ತಿಂಗಳೊಪ್ಪತ್ತಿನಲ್ಲಿ ಹೈದರಾಬಾದಿನಿಂದ ಕಾಗದ ಬಂತು. ಓದು ಎಂದು ಓಣಿಯೆಲ್ಲ ಸೇರಿತು. ಮಚ್ಚೇಂದ್ರ ಉರ್ದುವನ್ನು ಕನ್ನಡ ಮಾಡುತ್ತ ಹೋದ. ದೊಡ್ಡ ಜಮಖಾನ ಒಂದು ಎಂದಾಗ ಹಜಿರಾ ಬೀ ನಾಚಿಕೊಂಡಳು. ಹಿತ್ತಾಳೆ ಕೊಡ ಎಂದಾಗ ಕಮಳಾಬಾಯಿ ಗಂಡನನ್ನು ತಿವಿದಳು. ಎಮ್ಮೆಯ ಹೆಸರೂ ಬಂದಾಗ ಅದರ ಯಜಮಾನ ಪೇಟ ಸರಿಮಾಡಿಕೊಂಡ. ಅದೇ ದನಿಯಲ್ಲಿ ಮಚ್ಚೇಂದ್ರ ಕೊನೆಯ ಸಾಲನ್ನೂ ಓದಿದ. ಅರ್ಜಿದಾರರು ಸುಖವಸ್ತು ಮನೆತನದವರಾದ್ದರಿಂದ ವಜೀಫಾ ನಾಮಂಜೂರು. ಬರುವ ಶನಿವಾರದೊಳಗೆ ಫೀಸು ತುಂಬಿದರೆ ಜಾಗ ಉಳಿಯುತ್ತದೆ.

ಸತ್ಯಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಹಾಂಗಂದ್ರ ಮನಿಗಿ ಬಂದವರನ್ನ ಬರಿ ನೆಲದ ಮ್ಯಾಲ ಕುಂದ್ರಿಸಿ ಕಳಿಸಬೇಕಿತ್ತೇನೋ?"

"ಹೌದವ್ವಾ," ಎಂದ ಮಚ್ಚೇಂದ್ರ.

ಒಂದು ದಾರಿ ಇನ್ನೂ ಇತ್ತು. ಮನೆಯಲ್ಲಿ ಕಂಡ ಸಾಮಾನು ನಮ್ಮದಲ್ಲ, ನಾವು ದಿಕ್ಕಿಲ್ಲದವರು ಎಂದು ಸತ್ಯಮ್ಮ ಗಿರದಾವರರ ಎದುರು ಹೆಬ್ಬೆಟ್ಟು ಒತ್ತಿದರೆ, ವರದಿ ತಿದ್ದಿ ಹೈದರಾಬಾದಿಗೆ ತಂತಿ ಕಳಿಸಬಹುದಂತೆ. ಗುರುವಾರ ಇಬ್ಬರೂ ಹುಮನಾಬಾದಿನ ಕಚೇರಿಗೆ ಹೋದರು. ಗುಮಾಸ್ತ ಕಾಗದ ಓದಿ ಹೇಳಿದ, ಸತ್ಯಮ್ಮನ ಹೆಬ್ಬೆರಳಿಗೆ ಮಸಿ ಹಚ್ಚಿದ. ಅಷ್ಟರಲ್ಲಿ ಒಳಗಿನಿಂದ ಹುಸೇನ ಸಾಹೇಬರು ಬಂದರು. ಮನುಷ್ಯ ಕೆಟ್ಟವನಲ್ಲ, ಅದೇ ಕೆಡುಕಾಯಿತು. ಅವಳನ್ನು ಕಂಡದ್ದೇ ತಮ್ಮ ಖುರ್ಚಿಯನ್ನೇ ಎಳೆದು ಮುಂದಿಟ್ಟರು.

"ಕುಂದರ್ರಿ ಅವ್ವಾರೆ. ಏ, ಎಲ್ಲಾರೂ ನೋಡ್ರಪ್ಪಾ, ನಾ ಹೇಳ್ತಿದ್ದೆನಲ್ಲ ಕಲ್ಯಾಣಿ ಮನಿ, ಇವರೇ. ಮರ್ಯಾದಿ ಅಂದ್ರ ಇವರ ಮನ್ಯಾಗ ಕಲೀಬೇಕು."

ಕಚೇರಿ ಎದ್ದು ನಿಂತು ಸಲಾಮು ಮಾಡಿತು. ಜನ್ಮದಲ್ಲಿ ಸತ್ಯಮ್ಮನಿಗೆ ಯಾರೂ ಎದ್ದು ನಿಂತಿರಲಿಲ್ಲ. ಕಾಗದ ಮುಂದೆಯೇ ಇತ್ತು, ಮಸಿ ಹಸಿಯಾಗಿತ್ತು. ಸತ್ಯಮ್ಮ ಮಗನ ಕಡೆ ನೋಡಿದಳು. ಮಚ್ಚೇಂದ್ರ ಒತ್ತು ಎನ್ನುವ ಬದಲು ಖುರ್ಚಿಯನ್ನು ಅವಳತ್ತ ಇನ್ನಷ್ಟು ಸರಿಸಿದ. ಅವಳು ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡು, ಸುಮ್ಮನೆ ಮಾತಾಡಿಸಿ ಹೋಗಲಿಕ್ಕೆ ಬಂದಿದ್ದೆವು ಎಂದಳು.

ಹೊರಗೆ ಬಂದ ಮೇಲೆ ಕೇಳಿದಳು: "ಒತ್ತಬೇಕಿತ್ತೇನೋ?"

"ಒತ್ತಬೇಕಿತ್ತು," ಎಂದ ಅವನು.

ಶನಿವಾರ ಬಂತು, ಹೋಯಿತು. ಮಚ್ಚೇಂದ್ರ ಹುಮನಾಬಾದಿನ ಗಲ್ಲಾ ಪೇಟೆಯಲ್ಲಿ ಕಾಳುಕಡಿ ದಲ್ಲಾಳಿ ಮಾಡುವ ಒಬ್ಬ ಸಾವಕಾರನ ಅಡತಿ ಅಂಗಡಿ ಸೇರಿ, ಚೀಲಗಳ ಮೇಲೆ ಹೆಸರು ಬರೆಯುತ್ತ ಹತ್ತು ವರ್ಷ ಕಳೆದ. ನಿಜಾಮಶಾಹಿ ಮುಗಿದ ವರ್ಷವೂ ಬರೆಯುತ್ತಲೇ ಇದ್ದ. ಅವನು ಬರೆದ ಚೀಲಗಳನ್ನು ಒಟ್ಟಿದ್ದರೆ ಮೇಲೆ ಹತ್ತಿದವರು ಚಂದ್ರನ ಮೇಲೆ ಜೋಳ ಒಣಗಿಸಬಹುದಿತ್ತು.

ಆ ಸಾವಕಾರನ ಮಗ ಎಂ.ಎ. ಮಾಡಿ ಹೈದರಾಬಾದಿನಲ್ಲಿ ದೊಡ್ಡ ನೌಕರಿಯಲ್ಲಿದ್ದ. ಒಂದು ದಿನ ಸಾವಕಾರ ಚಹಾ ಕುಡಿಯುತ್ತ, ಮಚ್ಚೇಂದ್ರನ ಅರ್ಜಿ ನಾಮಂಜೂರಾದ ವರ್ಷವೇ ಮಗನಿಗೆ ವಜೀಫಾ ಸಿಕ್ಕಿದ್ದರ ಕತೆಯನ್ನು ನಗುನಗುತ್ತ ಹೇಳಿದ. "ಗಿರದಾವರ ಬರೋ ದಿನ ಸಾಮಾನೆಲ್ಲಾ ಗೋದಾಮಿನಾಗ ಹಾಕಿ ಕೀಲಿ ಜಡದೆ, ಮಚ್ಚೇಂದ್ರಪ್ಪಾ. ಒಂದು ಹರಕ ಚಾಪಿ ಹಾಸಿ, ಒಡಕ ಗಡಿಗ್ಯಾಗ ನೀರು ಕೊಟ್ಟೆ. ಪಾಪ, ಸಾಹೇಬರ ಕಣ್ಣಾಗ ನೀರು ಬಂತು."

ಮಚ್ಚೇಂದ್ರನೂ ನಕ್ಕ, ಸಂಬಳ ಕೊಡುವವನು ನಕ್ಕಾಗ ನಗಬೇಕಲ್ಲ. ಆಮೇಲೆ ಮುಂದಿನ ಚೀಲ ಎಳೆದುಕೊಂಡು ಅದರ ಮೇಲೆ ಸಾವಕಾರನ ಹೆಸರು ಬರೆದ.