ಕಪ್ತಾನ ಹೇಳದ ಮಾತು

ಕಾಕಾನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸವೆದು ಗಾಜಿನ ಹಾಗೆ ಹೊಳೆಯುತ್ತಿತ್ತು. ಸಿನಿಮಾ ರೀಲು ಸುತ್ತುವಾಗ ಅದರ ಅಂಚನ್ನು ಆ ಎರಡು ಬೆರಳುಗಳ ನಡುವೆ ಹಾಯಿಸುತ್ತ, ಎಲ್ಲಿ ಹರಿದಿದೆ, ಎಲ್ಲಿ ತೂತು ಮುರಿದಿದೆ ಎಂದು ನೋಡದೆಯೇ ಕಂಡುಕೊಳ್ಳುತ್ತಿದ್ದರು. ಎಷ್ಟೋ ವರ್ಷ ಹಾಗೆ ಮಾಡಿ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಲೇ ಇರಲಿಲ್ಲ. "ನೀ ಇಲ್ಲೇ ಇಲ್ಲಪಾ ಅಂತೈತಿ ಅದು" ಎಂದು ನಗುತ್ತಿದ್ದರು.

ಶಹಾಪುರದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಮದುವೆ, ಬಸುರಿಯರ ಕುಬಸಗಳ ಫೋಟೋ ತೆಗೆಯುವುದಕ್ಕಿಂತ ತೀರಿಕೊಂಡವರ ಹಳೆಯ ಫೋಟೋಗಳ ಗೀರು, ಕಲೆ ತೆಗೆದು ದೊಡ್ಡದು ಮಾಡಿಕೊಡುವ ಕೆಲಸವೇ ಹೆಚ್ಚು. ಕಾಕಾ, ಅವರ ಹೆಂಡತಿ ಕಾಕು ನಮ್ಮ ಹಿಂದಿನ ಓಣಿಯವರು. ಒಂದು ಬೆಳಿಗ್ಗೆ ಕಾಕಾ ಸೈಕಲ್ಲಿನ ಕ್ಯಾರಿಯರ್‌ಗೆ ತುಕ್ಕು ಹಿಡಿದ ಮೂರು ತಗಡಿನ ಡಬ್ಬಿ ಕಟ್ಟಿಕೊಂಡು ಬಂದರು. ಮುಚ್ಚಳ ತೆಗೆದಾಗ ಕೆಟ್ಟ ಉಪ್ಪಿನಕಾಯಿಯಂಥ ಹುಳಿ ವಾಸನೆ ಸ್ಟುಡಿಯೋ ತುಂಬ ಹರಡಿತು. ಫೋಟೋದ ಗೀರು ತೆಗೆಯುವಂತೆ ಇದರದ್ದೂ ತೆಗೆಯಲಾದೀತೇ ಎಂದು ಕೇಳಿದರು.

ಅದು ಯಾವುದೋ ಹೊರದೇಶದ, ಇಂಗ್ಲಿಷ್ ಮಾತು ಕೂಡಿಸಿದ ಹಳೆಯ ಸಿನಿಮಾ. ಒಂದು ಗ್ರಹದ ಮೇಲೆ ಸಮುದ್ರ ಏರುತ್ತ ಏರುತ್ತ ಊರುಗಳೆಲ್ಲ ಮುಳುಗುತ್ತವೆ. ಉಳಿದ ಜನ ರಾಕೆಟ್ಟು ಹತ್ತಿ ಬೇರೆ ನಕ್ಷತ್ರದ ಕಡೆ ಹೊರಡುತ್ತಾರೆ. ಕೃಷ್ಣೆಯ ಕಾಲುವೆ ಅಗೆಯುತ್ತಿದ್ದ ಕಾಲದಲ್ಲಿ ಕಾಕಾ ಒಬ್ಬ ಮಾಲೀಕರ ಕೈಕೆಳಗೆ, ಕೂಲಿಗಳ ಕ್ಯಾಂಪಿನಿಂದ ಕ್ಯಾಂಪಿಗೆ, ಊರಿಂದ ಊರಿಗೆ ತಿರುಗುತ್ತ ಸಿನಿಮಾ ತೋರಿಸುತ್ತಿದ್ದರು. ಇಂಗ್ಲಿಷ್ ಚಿತ್ರವಾದರೆ ಮಶೀನಿನ ಪಕ್ಕದಲ್ಲಿ ಮೈಕು ಹಿಡಿದು, ಪರದೆಯ ಮೇಲಿನ ಮಾತನ್ನೆಲ್ಲ ಕನ್ನಡದಲ್ಲಿ ಹೇಳುವುದೂ ಅವರದೇ ಕೆಲಸ. ಮಾಲೀಕರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಯಾದಗಿರಿಯ ಅವರ ಮನೆಯ ಅಟ್ಟದಲ್ಲಿ ಈ ಡಬ್ಬಿಗಳು ಸಿಕ್ಕಿದ್ದವು. ಕೊನೆಯ ರೀಲು ಮಾತ್ರ ಇರಲಿಲ್ಲ.

ಕೆಲಸ ಶುರು ಮಾಡಿದೆವು. ಅವರು ಒದ್ದೆ ಅರಳೆಯಿಂದ ಬೂಷ್ಟು ಒರೆಸಿ, ಹರಿದಲ್ಲಿ ಪಟ್ಟಿ ಹಚ್ಚಿ ಕೊಡುತ್ತಿದ್ದರು. ನಾನು ಒಂದೊಂದೇ ಚೌಕವನ್ನು ಕ್ಯಾಮೆರಾದಲ್ಲಿ ಹಿಡಿದು ಕಂಪ್ಯೂಟರಿನಲ್ಲಿ ಗೀರು ತೆಗೆಯುತ್ತಿದ್ದೆ. ಬಣ್ಣ ಇಳಿದು ಸಮುದ್ರ ಕೂಡ ಗುಲಾಬಿಯಾಗಿತ್ತು. ನಾನು ಉತ್ಸಾಹದಿಂದ ಅದನ್ನು ಅಚ್ಚ ನೀಲಿ ಮಾಡಿ ತೋರಿಸಿದರೆ ಅವರ ಮುಖ ಸಪ್ಪಗಾಯಿತು. "ಹೊಸಾದ್ ಮಾಡಬ್ಯಾಡ ಯವ್ವಾ. ಇದ್ದಂಗ ಮಾಡು." ಈ ಮಾತನ್ನು ಆಮೇಲೆ ಅವರ ಬಾಯಿಂದ ಎಷ್ಟು ಸಲ ಕೇಳಿದೆನೋ. ಈಗ ಯಾರಾದರೂ ಸತ್ತ ತಾಯಿಯ ಕೊರಳಿಗೆ ಇಲ್ಲದ ಸರ ಬರೆದುಕೊಡು ಎಂದರೆ ಅದೇ ಮಾತು ನೆನಪಾಗಿ ಕೈ ಹಿಂಜರಿಯುತ್ತದೆ.

ಕೊನೆಯ ರೀಲು ಹುಡುಕುತ್ತ ನಾನು ಇಂಟರ್ನೆಟ್ಟಿನಲ್ಲಿ ಹಳೆಯ ಅಂತರಿಕ್ಷ ಸಿನಿಮಾಗಳ ಅಭಿಮಾನಿಗಳ ಒಂದು ಗುಂಪು ಕಂಡೆ. ನಿವೃತ್ತ ಬಸ್ ಡ್ರೈವರ್, ಒಬ್ಬ ಹಲ್ಲಿನ ಡಾಕ್ಟರು, ಕಾಲೇಜು ಹುಡುಗಿಯರು, ಬೇರೆ ಬೇರೆ ದೇಶದಲ್ಲಿ ಕುಳಿತು ತಮ್ಮ ಖುಷಿಗೆ ಚೂರು ಚೂರು ಕೂಡಿಸಿ ಇಂಥ ಚಿತ್ರಗಳನ್ನು ಉಳಿಸುವ ಜನ. ಪಟ್ಟಣ ಮುಳುಗುವ ಭಾಗ ಎಲ್ಲೂ ಉಳಿದಿಲ್ಲವೆಂದು ಅವರು ಕೈಬಿಟ್ಟಿದ್ದರು. ಅದು ನಮ್ಮ ಡಬ್ಬಿಯಲ್ಲಿತ್ತು. ನಮಗೆ ಬೇಕಾದ ಕೊನೆಯ ರೀಲು ಆ ಬಸ್ ಡ್ರೈವರ್ ಹತ್ತಿರ ಇತ್ತು.

ಅವರು ಕಳಿಸಿದ ಕೊನೆಯ ಭಾಗವನ್ನು ಸ್ಟುಡಿಯೋದಲ್ಲಿ ಇಬ್ಬರೂ ನೋಡಿದೆವು. ರಾಕೆಟ್ಟಿನ ಕಿಟಕಿಯಲ್ಲಿ ಒಬ್ಬ ಮುದುಕಿ ನಿಂತು, ನಾವು ಮರಳುವುದು ಯಾವಾಗ ಎಂದು ಕೇಳುತ್ತಾಳೆ. ಮರಳುವುದಿಲ್ಲ, ಇನ್ನು ಮುಂದೆ ಸಿಗುವುದೇ ನಮ್ಮ ಮನೆ ಎನ್ನುತ್ತಾನೆ ಕಪ್ತಾನ. ಮುಗಿಯಿತು ಎಂಬ ಸಂತೋಷದಲ್ಲಿ ನಾನು ತಿರುಗಿ ನೋಡಿದರೆ ಕಾಕಾ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದರು.

"ನಾ ಹಿಂಗ ಹೇಳಿದ್ದಿಲ್ಲ ಯವ್ವಾ" ಎಂದರು. ಆಮೇಲೆ ಎಲ್ಲವನ್ನೂ ಹೇಳಿದರು.

ಕೊಡೇಕಲ್ ಆಚೆ ಹೊಳೆದಂಡೆಯ ಒಂದು ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಗುವುದಿತ್ತು. ಊರವರಿಗೆ ಬೇರೆ ಕಡೆ ಜಾಗ ತೋರಿಸಿ ಆಗಿತ್ತು. ಅಲ್ಲಿ ಈ ಚಿತ್ರ ತೋರಿಸಿದ ದಿನ, ಪಟ್ಟಣ ಮುಳುಗುವುದನ್ನು ನೋಡಿ ಹೆಂಗಸರು ಅಳತೊಡಗಿದರು. ಕೊನೆ ಹೇಳಲು ಕಾಕಾನಿಗೆ ನಾಲಿಗೆ ಬರಲಿಲ್ಲ. ಕಪ್ತಾನನ ಬಾಯಿ ಆಡುತ್ತಿದ್ದಾಗ ಮೈಕಿನಲ್ಲಿ, ನೀರು ಇಳದೈತಿ, ಹೊಳ್ಳಿ ಹೋಗೂಣು ನಡೀರಿ ಎಂದುಬಿಟ್ಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ರುಚಿ ಹತ್ತಿತು. ಹೊಳೆದಂಡೆಯ ಊರೂರಿನಲ್ಲೂ ಅದನ್ನೇ ಹೇಳಿದರು.

ಎಷ್ಟೋ ವರ್ಷಗಳ ಮೇಲೆ, ಮದುವೆಯೊಂದರಲ್ಲಿ ವಿಡಿಯೋ ತೋರಿಸಲೆಂದು ಆ ಊರವರ ಹೊಸ ಕಾಲನಿಗೆ ಹೋದಾಗ ಅಂಬಿಗರ ಒಬ್ಬ ಹೆಣ್ಣುಮಗಳು ಇವರ ಗುರುತು ಹಿಡಿದಳು. ಊರು ಬಿಡುವಾಗ ಮಂದಿಯೆಲ್ಲ ತೊಲೆ, ಬಾಗಿಲು, ಚೌಕಟ್ಟು ಕಿತ್ತು ಬಂಡಿಗೆ ಹೇರಿಕೊಂಡು ಹೋದರಂತೆ. ಅವಳೂ ಅವಳ ಗಂಡನೂ ಮಾತ್ರ ಮನೆಗೆ ಕೀಲಿ ಹಾಕಿ ಹೊರಟರಂತೆ. ಸಿನಿಮಾದಲ್ಲಿ ಹೊಳ್ಳಿ ಹೋದರಲ್ಲ, ನಾವೂ ಮರಳಿ ಬರುತ್ತೇವೆ ಎಂದುಕೊಂಡು. ನೀರು ನಿಲ್ಲದೆ ಏರತೊಡಗಿದಾಗ ಬಾಗಿಲನ್ನಾದರೂ ತರೋಣವೆಂದು ಗಂಡ ಹರಿಗೋಲಿನಲ್ಲಿ ಹೋಗಿ ಅದನ್ನು ಚೌಕಟ್ಟಿನಿಂದ ಬಿಚ್ಚುತ್ತಿದ್ದ. ನೆಂದ ಗೋಡೆ ಮೊಣಕಾಲ ಮೇಲೆ ಕುಸಿಯಿತು. ಮತ್ತೆಂದೂ ದೋಣಿಗೆ ಹುಟ್ಟು ಹಾಕಲು ಅವನಿಂದಾಗಲಿಲ್ಲ. ನಮ್ಮ ಹುಚ್ಚುತನ ಎಂದು ಅವಳು ನಗುತ್ತಲೇ ಹೇಳಿದಳಂತೆ. ಗಂಡ ಅಲ್ಲೇ ಹೊರಸಿನ ಮೇಲೆ ಕಾಲು ಚಾಚಿ ಕುಳಿತಿದ್ದ. ಆ ಮಾತು ಸಿನಿಮಾದ್ದಲ್ಲ, ತನ್ನದು ಎಂದು ಹೇಳಲು ಕಾಕಾನಿಗೆ ಬಾಯಿ ಬರಲಿಲ್ಲ.

"ಸುಳ್ಳ ಹೇಳಿದ್ದಕ್ಕಿಂತ ಅವತ್ತ ಸುಮ್ಮ ಕುಂತದ್ದು ತಿನ್ನಾಕತ್ತೈತಿ ನನ್ನ" ಎಂದರು. ಖರೆ ಕೊನೆಯನ್ನು ಆ ಮಂದಿಗೆ ತೋರಿಸಬೇಕೆಂದೇ ಅವರು ಡಬ್ಬಿಗಳನ್ನು ಹುಡುಕಿದ್ದು.

ಕಾಕಾನ ಹಳೆಯ ಕೆಲಸದ ಬಗ್ಗೆ ನಾನು ಗುಂಪಿಗೆ ಬರೆದಿದ್ದೆ. ಕಾಕಾ ಆಗ ಹೇಳುತ್ತಿದ್ದ ಹಾಗೆಯೇ ಕನ್ನಡ ಮಾತನ್ನು ರೆಕಾರ್ಡ್ ಮಾಡಿ ಕಳಿಸಿ, ಚಿತ್ರದ ಜೊತೆ ಅದೂ ಉಳಿಯಲಿ ಎಂದು ಗುಂಪಿನವರು ಕೇಳಿದರು. ಕಾಕಾ ಖಡಾಖಂಡಿತ ಬೇಡವೆಂದರು. ಸುಳ್ಳನ್ನು ತೊಳೆದು ಜೋಪಾನ ಮಾಡುವುದು ಯಾಕೆ ಎಂದು ಅವರ ವಾದ. ಅದನ್ನು ಬರೆದು ತಿಳಿಸಿದಾಗ, ಆ ಊರುಗಳ ಜನ ಅಂದು ಕೇಳಿಸಿಕೊಂಡದ್ದು ಅದನ್ನೇ ಅಲ್ಲವೇ ಎಂದು ಗುಂಪಿನಿಂದ ಉತ್ತರ ಬಂತು. ಅದನ್ನು ಓದಿ ಹೇಳಿದ ಮೇಲೆ ಕೆಲವು ದಿನ ಕಾಕಾ ಸ್ಟುಡಿಯೋ ಕಡೆ ಸುಳಿಯಲಿಲ್ಲ.

ಆಮೇಲೆ ತಾವಾಗಿಯೇ ಬಂದು, ಶಟರ್ ಇಳಿಸಲು ಹೇಳಿ ಮೈಕಿನ ಮುಂದೆ ಕುಳಿತರು. ಇಡೀ ಚಿತ್ರವನ್ನು ಹಳೆಯ ಗತ್ತಿನಲ್ಲಿ ಹೇಳಿದರು. ಕೊನೆಗೆ ಆ ಸುಳ್ಳನ್ನೂ ಅದೇ ಹುರುಪಿನಲ್ಲಿ ಹೇಳಿ, ಆಮೇಲೆ ತಮ್ಮ ಮನೆಯ ಧ್ವನಿಯಲ್ಲಿ ಮಾತಾಡಿದರು: "ಕಪ್ತಾನ ಹಿಂಗ ಅಂದಿಲ್ಲ. ಹೊಳ್ಳಿ ಹೋಗೂದಿಲ್ಲ, ಮುಂದ ಸಿಗೂದ ನಮ್ಮ ಮನಿ ಅಂದಾನ. ನಾ ಬ್ಯಾರೆ ಹೇಳೀನಿ. ನನ್ನ ಮಾತ ನಂಬಿದವರ ಮನಿ ನೀರಾಗ ಹೋಗೈತಿ."

ಕಾಲನಿಯ ಸಮುದಾಯ ಭವನದ ಕಿಟಕಿಗಳಿಗೆ ಕಂಬಳಿ ಕಟ್ಟಿ ಒಂದು ಮಧ್ಯಾಹ್ನ ಕಾಕಾನ ಆ ರೆಕಾರ್ಡಿನ ಮಾತಿನ ಜೊತೆಗೇ ಚಿತ್ರ ತೋರಿಸಿದೆವು. ಮನೆಗೆ ಕೀಲಿ ಹಾಕಿ ಬಂದಿದ್ದ ಆ ಹೆಂಗಸು ಈಗ ಮುದುಕಿ, ಮುಂದೆಯೇ ಕುಳಿತಿದ್ದರು. ಕೊನೆಯ ಮಾತು ಮುಗಿದು ಕಂಬಳಿ ಸರಿಸಿದಾಗ ಕಾಕಾ ಆ ಮುದುಕಿಯ ಮುಂದೆ ಹೋಗಿ ಕೈ ಜೋಡಿಸಿದರು.

"ಅಕ್ಕಾರ, ತಪ್ಪು ನಂದು."

"ಇದನ್ನ ನನ್ನ ಗಂಡನ ಮುಂದ ಹೇಳಬೇಕಿತ್ತು ನೀವು" ಎಂದರು ಮುದುಕಿ. "ಕೀಲಿ ಹಾಕು ಅಂದಾಂವ ಅಂವ. ಸಾಯೂತನಕ ತನ್ನ ಬುದ್ಧಿನ ಬೈಕೊಂಡ ಸತ್ತ."

ಕಾಕಾ ಕೈ ಇಳಿಸಲಿಲ್ಲ. ಮುದುಕಿ ಎದ್ದು ಸೆರಗು ಸರಿಮಾಡಿಕೊಂಡು ಹೊರಟುಹೋದರು. ನಾವಿಬ್ಬರೂ ಕಾಲನಿಯ ಓಣಿಯಲ್ಲಿ ನಡೆದು ಬಂದು ಶಹಾಪುರದ ಬಸ್ಸು ಹತ್ತಿದೆವು. ಕೊನೆಗೂ ನೀವು ಹೇಳಿದಿರಲ್ಲ ಎಂದು ಸಮಾಧಾನ ಮಾಡಬೇಕೆನಿಸಿತು. ಅವರ ಮುಖ ನೋಡಿ, ಕಂಡಕ್ಟರನ ಕಡೆ ತಿರುಗಿ ಟಿಕೆಟ್ ತೆಗೆಸಿದೆ.

ಆಮೇಲೂ ಗುಂಪಿನವರು ಕಳಿಸಿದ ಬೇರೆ ಚಿತ್ರಗಳಿಗೆ ನಾವಿಬ್ಬರೂ ಕೂಡಿ ಪರದೆಯ ಕೆಳಗೆ ಓದುವ ಕನ್ನಡದ ಸಾಲು ಕೂಡಿಸಿದೆವು. ಇಂಗ್ಲಿಷಿನ ಒಂದು ಪದ ಸರಿಯಾಗಿ ತಿಳಿಯದಿದ್ದರೆ ಕಾಕಾ ಅಂದಾಜಿನಲ್ಲಿ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಅದು ಗೊತ್ತಾಗುವ ತನಕ ಊಟಕ್ಕೂ ಏಳುತ್ತಿರಲಿಲ್ಲ. ಕಾಕು ಬಂದು ಕರೆದು ಕರೆದು ಸಾಕಾಗಿ ಬುತ್ತಿಯನ್ನು ಸ್ಟುಡಿಯೋಕ್ಕೇ ತಂದಿಡುತ್ತಿದ್ದರು. ಕಾಲನಿಯ ಸುದ್ದಿಯನ್ನು ಮಾತ್ರ ಕಾಕಾ ಮತ್ತೆ ಎತ್ತಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಎದೆನೋವು ಬಂದು ಕಾಕಾ ತೀರಿಕೊಂಡರು. ಮಣ್ಣು ಮಾಡುವ ಹೊತ್ತಿಗೆ ಆ ಮುದುಕಿ ಬಂದರು. ಯಾರೋ ಸುದ್ದಿ ಮುಟ್ಟಿಸಿದ್ದರಂತೆ. ಸುರಪುರದಲ್ಲಿ ಬಸ್ಸು ಬದಲಿಸಿ ಒಬ್ಬರೇ ಬಂದಿದ್ದರು. ಎಲ್ಲರ ಜೊತೆ ನಿಂತು ಒಂದು ಹಿಡಿ ಮಣ್ಣು ಹಾಕಿದರು. ಆಮೇಲೆ ನನ್ನನ್ನು ಹುಡುಕಿಕೊಂಡು ಬಂದು ಪಕ್ಕದಲ್ಲಿ ಕುಳಿತರು.

"ಸಿನಿಮಾ ತೋರಿಸಿದ ದಿನ ನೀವಿಬ್ರೂ ನಮ್ಮ ಮನಿ ಮುಂದ್ಲಿಂದ ಹಾದ ಹೋದ್ರಿ" ಎಂದರು. "ಚಾ ಕುಡದ ಹೋಗ್ರಿ ಅನ್ನೂದು ಬಾಯಿತನಕ ಬಂದಿತ್ತು ಯವ್ವಾ. ಅನಲಿಲ್ಲ ನಾನು."

ಅಷ್ಟು ಹೇಳಿ, ಅಂಗೈಗೆ ಮೆತ್ತಿದ ಮಣ್ಣನ್ನು ಉಜ್ಜಿಕೊಳ್ಳುತ್ತ ಕುಳಿತೇ ಇದ್ದರು.