ಸತ್ತವರು ಎದ್ದು ಬರುವ ಆಟಕ್ಕೆ ಬಸವಣ್ಣೆಮ್ಮ ಕೊಟ್ಟ ತೀರ್ಪು

ಶಿಕಾರಿಪುರದ ಪೇಟೆ ಓಣಿಗಳಲ್ಲಿ ಹೆಂಗಸರು ಯಾರಾದರೂ ತೀರಿಕೊಂಡರೆ ಮೊದಲು ಹೇಳಿ ಕಳಿಸುತ್ತಿದ್ದುದು ಬಸವಣ್ಣೆಮ್ಮನಿಗೆ. ಮೀಯಿಸುವುದು, ಸೀರೆ ಉಡಿಸುವುದು, ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸುವುದು, ಎಲ್ಲ ಆಕೆಯ ಕೈಯಿಂದಲೇ ಆಗಬೇಕು. ಲಿಂಗಾಯತರಾದ ಅವರಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿಯಿಲ್ಲ. ಧ್ಯಾನಕ್ಕೆ ಕೂತ ಹಾಗೆ ಕೂರಿಸಿ, ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ಉಸಿರು ನಿಂತ ದೇಹವನ್ನು ಕೂರಿಸುವುದು ಹುಡುಗಾಟವಲ್ಲ. ಅದು ಜಾರುತ್ತದೆ, ವಾಲುತ್ತದೆ, ಎತ್ತಲು ಹೋದರೆ ಇದ್ದಾಗಿನ ಎರಡರಷ್ಟು ತೂಗುತ್ತದೆ. ಗಟ್ಟಿ ಆಳುಗಳೇ ಕೈಚೆಲ್ಲುವ ಆ ಕೆಲಸವನ್ನು ಐದಡಿಯೂ ಇಲ್ಲದ ಈ ಮುದುಕಿ ಮೂವತ್ತು ವರ್ಷದಿಂದ ಮಾಡುತ್ತಿದ್ದಳು. ಮನೆಗೆ ಬಂದು ತಲೆಗೆ ಎರೆದುಕೊಂಡು ಎರಡು ರೊಟ್ಟಿ ಹೆಚ್ಚಿಗೇ ತಿನ್ನುತ್ತಿದ್ದಳು. ನೋಡಿದವರು ಬೆರಗಾಗುತ್ತಿದ್ದರು, ಆಕೆಗೆ ಮಾತ್ರ ಅದರಲ್ಲಿ ಬೆರಗುಪಡುವಂಥದ್ದೇನೂ ಕಂಡಿರಲಿಲ್ಲ.

ಆಕೆ ನಿಜಕ್ಕೂ ಬೆರಗಾದದ್ದು ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ.

ಮೊಮ್ಮಗಳು ಚೈತ್ರಶ್ರೀ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು, ಬಸ್ ಸ್ಟ್ಯಾಂಡ್ ಎದುರಿನ ಮಹಡಿಯ ಮೇಲೆ ಚನ್ನೇಶ ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದಳು. ಪಾಠ ಮುಗಿದ ಮೇಲೆ ಅರ್ಧ ಗಂಟೆ ಆಟ ಆಡಿಕೊಳ್ಳಲು ಅವನು ಬಿಡುತ್ತಿದ್ದ. ಆ ಆಟವೋ, ಗೋರಿಯಿಂದ ಎದ್ದ ಹೆಣಗಳು ಮೈಮೇಲೆ ಬರುತ್ತವೆ, ಆಡುವವರು ಬಂದೂಕಿನಿಂದ ಅವುಗಳ ತಲೆ ಹಾರಿಸಬೇಕು. ಸುದ್ದಿ ಹಗ್ಗ-ತಾಡಪಾಲಿನ ಅಂಗಡಿಯಲ್ಲಿ ಕೂತಿದ್ದ ಅವಳ ಅಪ್ಪ ಮಲ್ಲಿಕಾರ್ಜುನನ ಕಿವಿಗೆ ಬಿತ್ತು. ಅವನು ಕೆಂಡವಾದ. ಸೋಮವಾರದಿಂದ ಕ್ಲಾಸು ಬಂದ್ ಎಂದ. ಕಂಪ್ಯೂಟರನ್ನೇ ಮುಂದಕ್ಕೆ ಓದಬೇಕೆಂದು ಪಟ್ಟು ಹಿಡಿದಿದ್ದ ಹುಡುಗಿ ಎರಡು ಹೊತ್ತು ಊಟ ಬಿಟ್ಟಳು. ಕೊನೆಗೆ ಮಲ್ಲಿಕಾರ್ಜುನ ಒಂದು ದಾರಿ ಮಾಡಿದ.

"ಅವ್ವಾ, ನೀನೇ ಹೋಗಿ ನೋಡ್ಕೊಂಡು ಬಾ. ಸತ್ತೋರ ವಿಷಯ ನಿನಗಿಂತ ಯಾರಿಗ್ ಗೊತ್ತೈತೆ? ಹುಡುಗ್ರು ಆಡೋವಂಥದ್ದು ಹೌದು ಅಂದ್ರೆ ಹೋಗ್ಲಿ. ಅಲ್ಲ ಅಂದ್ರೆ ಮುಗೀತು."

ಬಸವಣ್ಣೆಮ್ಮ ಒಗೆದ ಸೀರೆ ಉಟ್ಟು, ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಮಹಡಿ ಹತ್ತಿದಳು. ಪರದೆ ಎಳೆದ ತಣ್ಣನೆಯ ಕೋಣೆ, ವಿಭೂತಿ ಹಚ್ಚಿದ ನಾಲ್ಕು ಕಂಪ್ಯೂಟರು. ಕೈಮುಗಿದು ಕೂತಳು. ಚೈತ್ರಶ್ರೀ ಆಟ ಶುರುಮಾಡಿದಳು. ಮಣ್ಣು ಬಿರಿಯಿತು, ಒಂದು ಕೈ ಮೇಲೆ ಬಂತು, ಹಿಂದೆಯೇ ಹರಕು ಬಟ್ಟೆಯ ಒಬ್ಬ ತೂರಾಡುತ್ತ ಎದ್ದು ನಿಂತ. ಬಸವಣ್ಣೆಮ್ಮನ ಮೈ ಜುಮ್ಮೆಂದಿತು. ಮೂವತ್ತು ವರ್ಷದಲ್ಲಿ ಆಕೆಯ ಕೈಯಲ್ಲಿ ಒಬ್ಬರಾದರೂ ಎದ್ದಿರಲಿಲ್ಲ.

"ಇವ್ರನ್ನ ಮಲಗ್ಸಿ ಹೂತಿದಾರೆ ಕಣಪ್ಪಾ," ಎಂದಳು ಚನ್ನೇಶನಿಗೆ. "ಕೂರ್ಸಿದ್ರೆ ಸುಮ್ನಿರೋರು."

ನಗಬೇಕೋ ಹೌದೆನ್ನಬೇಕೋ ಚನ್ನೇಶನಿಗೆ ತಿಳಿಯಲಿಲ್ಲ. "ಇದು ಬರೀ ಚಿತ್ರ, ಅಜ್ಜಿ," ಎಂದ.

"ಚಿತ್ರ ಆದ್ರೇನು. ಯಾಕ್ ಹೊಡೀತಾಳೆ ಅವನ್ನ?"

"ಹೊಡೀದಿದ್ರೆ ನಮ್ಮನ್ನ ತಿಂತಾವ್ರೀ."

"ಹಸ್ದಿರ್ಬೇಕು ಪಾಪ," ಎಂದು ಬಸವಣ್ಣೆಮ್ಮ ಕಣ್ಣು ಕೀಳದೆ ನೋಡಿದಳು. ಮೊಮ್ಮಗಳ ಗುರಿ ಒಂದೂ ತಪ್ಪುತ್ತಿರಲಿಲ್ಲ. ಯಾವ ಪುಣ್ಯಾತ್ಮ ಕೂತು ಇದನ್ನೆಲ್ಲ ಕಟ್ಟಿದನೋ ಎಂದು ಆಕೆಗೆ ಅಚ್ಚರಿಯೋ ಅಚ್ಚರಿ. ರಕ್ತ ಚಿಮ್ಮಿದ್ದಕ್ಕೂ ಆಕೆ ಮುಖ ತಿರುಗಿಸಲಿಲ್ಲ. ಆದರೆ ಗುಂಡು ತಿಂದು ಬಿದ್ದ ಹೆಣ ಅರೆಗಳಿಗೆಯಲ್ಲಿ ಕರಗಿ ಹೋದಾಗ ಹುಬ್ಬು ಗಂಟಿಕ್ಕಿದಳು.

"ಎಲ್ಲಿಗೋಯ್ತು ಅದು?"

"ತಾನೇ ಮಾಯ ಆಗ್ತದೆ ಅಜ್ಜಿ," ಎಂದಳು ಚೈತ್ರಶ್ರೀ.

"ಮತ್ತೆ ಎತ್ತೋರು?"

"ಎತ್ತೋದೇನಿರಲ್ಲ."

ಬಸವಣ್ಣೆಮ್ಮ ಎದ್ದು ಮಹಡಿ ಇಳಿದಳು. ಮನೆಯಲ್ಲಿ ಮಲ್ಲಿಕಾರ್ಜುನ ಕೇಳಿದರೆ ಇನ್ನೂ ತೀರ್ಮಾನ ಆಗಿಲ್ಲ ಎಂದಳು. ಹೊಡೆಯುವುದು ಆಕೆಯನ್ನು ಕಾಡಲಿಲ್ಲ. ಎತ್ತುವ ಕೆಲಸವೇ ಇಲ್ಲದ ಸಾವನ್ನು ದಿನಾ ನೋಡುವ ಹುಡುಗಿಗೆ ಸಾವೆಂದರೆ ಇಷ್ಟೇ ಅನಿಸಿಬಿಟ್ಟರೆ? ಅದು ಆಕೆಯ ನಿದ್ದೆ ಕೆಡಿಸಿತು. ಇದನ್ನು ಆ ಪೆಟ್ಟಿಗೆಯ ಮುಂದೆ ಕೂತು ತೀರ್ಮಾನಿಸಲು ಬರುವುದಿಲ್ಲ ಎಂಬುದೂ ಆಕೆಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಕುಬಟೂರಿನಿಂದ ಫೋನು ಬಂತು. ದೂರದ ನೆಂಟಳು ತುಂಗಮ್ಮ ಲಿಂಗೈಕ್ಯಳಾಗಿದ್ದಳು. ಮಲ್ಲಿಕಾರ್ಜುನ ಅಂಗಡಿಯಲ್ಲಿದ್ದ. ಬಸವಣ್ಣೆಮ್ಮ ಮೊಮ್ಮಗಳನ್ನು ಕರೆದು, "ಬಿಂದಿಗೆ ಹಿಡಿಯಾಕೆ ಒಬ್ರು ಬೇಕು. ಬರ್ತೀಯೇನು? ಬ್ಯಾಡ ಅಂದ್ರೂ ನಂಗೇನೂ ಬೇಜಾರಿಲ್ಲ," ಎಂದಳು. ಚೈತ್ರಶ್ರೀ ಬರ್ತೀನಿ ಎಂದಳು. ಇಬ್ಬರೂ ಆನವಟ್ಟಿ ಬಸ್ಸು ಹತ್ತಿದರು.

ತುಂಗಮ್ಮನ ಮನೆಯ ಹೆಂಗಸರು ನಡುಮನೆಯಲ್ಲಿ ಅಳುತ್ತಿದ್ದರು, ಹತ್ತಿರ ಬರುವ ಧೈರ್ಯ ಯಾರಿಗೂ ಇರಲಿಲ್ಲ. ಚೈತ್ರಶ್ರೀ ನೀರು ಹೊಯ್ದಳು. ಅರ್ಧ ನೀರನ್ನು ತನ್ನ ಲಂಗದ ಮೇಲೇ ಚೆಲ್ಲಿಕೊಂಡಳು. ಮೀಯಿಸಿ, ಸೀರೆ ಉಡಿಸಿ, ಗೋಡೆಗೆ ಒರಗಿಸಿದ್ದಾಯಿತು. ಬಸವಣ್ಣೆಮ್ಮ ದೇಹ ಜಾರದಂತೆ ಕಟ್ಟುವ ಬಟ್ಟೆ ತೆಗೆದುಕೊಳ್ಳಲು ಅತ್ತ ತಿರುಗಿದ್ದೇ ತಡ, ದೇಹ ಪಕ್ಕಕ್ಕೆ ವಾಲಿತು. ತಲೆ ಬಂದು ಹುಡುಗಿಯ ಭುಜದ ಮೇಲೆ ಬಿತ್ತು.

ಇಂಥ ಕಡೆ ಕಿರುಚಿ ಓಡಿದವರನ್ನು, ಎಚ್ಚರ ತಪ್ಪಿದವರನ್ನು ಬಸವಣ್ಣೆಮ್ಮ ಎಷ್ಟೋ ಕಂಡಿದ್ದಳು. ಗಾಬರಿಯಾಗಿ ತಿರುಗಿ ನೋಡಿದಳು. ಚೈತ್ರಶ್ರೀಯ ಮುಖ ಬಿಳಿಚಿತ್ತು. ಆದರೆ ಒಂದು ಕೈ ತುಂಗಮ್ಮನ ಬೆನ್ನಿಗೆ ಆತುಕೊಂಡಿತ್ತು, ಇನ್ನೊಂದು ಕೈ ಒದ್ದೆ ಕೂದಲನ್ನು ಹಣೆಯಿಂದ ಹಿಂದಕ್ಕೆ ಸರಿಸುತ್ತಿತ್ತು.

"ಒಂಚೂರು ತಡೀರಿ ಅಜ್ಜಿ," ಎಂದು ಅವಳು ತುಂಗಮ್ಮನಿಗೆ ಮೆಲ್ಲಗೆ ಹೇಳುತ್ತಿದ್ದಳು, ಬದುಕಿದ್ದವರಿಗೆ ಹೇಳುವ ಹಾಗೆ. "ಈಗ ಆಗೋಯ್ತು."

ಬಸವಣ್ಣೆಮ್ಮ ಬಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಮಣ್ಣು ಬಿರಿದು ಹೆಣ ಎದ್ದಾಗ ಆದ ಬೆರಗು ಇದರ ಮುಂದೆ ಏನೂ ಅಲ್ಲ ಅನಿಸಿತು. ಇದನ್ನು ಆ ಮಗುವಿಗೆ ಆಕೆ ಕಲಿಸಿರಲಿಲ್ಲ, ಯಾರೂ ಕಲಿಸಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರ ಸಾವಿನ ಮನೆಯಲ್ಲಿ ಆಕೆಯ ಕಣ್ಣಿಗೆ ನೀರು ಬಂತು.

ಅವರು ಊರಿಗೆ ಮರಳುವಾಗ ಇನ್ನೂ ಬಿಸಿಲಿತ್ತು. ಮಲ್ಲಿಕಾರ್ಜುನ ಬಾಗಿಲಲ್ಲೇ ಕಾಯುತ್ತಿದ್ದ.

"ಹುಡುಗೀನ ಅಲ್ಲಿಗ್ಯಾಕೆ ಕರ್ಕೊಂಡು ಹೋದೆ ಅವ್ವಾ?" ಎಂದು ತಾಯಿಯ ಮೇಲೆ ರೇಗಿದ. ಆಮೇಲೆ ಮಗಳ ಕಡೆ ತಿರುಗಿ ಕೇಳಿದ, "ಹೆದ್ರಿಕೆ ಆಗ್ಲಿಲ್ವೇನಮ್ಮ?"

"ಆಯ್ತು ಅಪ್ಪಾಜಿ. ಆದ್ರೆ ಅವ್ರ ತಲೆ ನನ್ ಭುಜದ್ ಮೇಲಿತ್ತು. ನಾನು ಸರಿದಿದ್ರೆ ಬಿದ್ದು ಹೋಗ್ತಿದ್ರಲ್ಲ."

ಬಸವಣ್ಣೆಮ್ಮ ಅಂಗಳದಲ್ಲೇ ನಿಂತು ತೀರ್ಪು ಹೇಳಿದಳು.

"ನಾಳೆಯಿಂದ ಕ್ಲಾಸಿಗೆ ಕಳ್ಸು."

"ಆ ಆಟ?"

"ಎಲ್ಲ ಹುಡುಗ್ರ ಮಾತು ನಂಗೊತ್ತಿಲ್ಲ. ಇವ್ಳು ಆಡ್ಲಿ, ಇವ್ಳಿಗೆ ಏನೂ ಆಗಲ್ಲ, ಸತ್ತೋರ್ನ ಹಿಡೀಬೇಕು ಅಂತ ಇವ್ಳಿಗೆ ಗೊತ್ತೈತೆ. ನಿಂಗೆ ಮಾತ್ರ ಅದು ಬ್ಯಾಡ ಮಲ್ಲಿ. ನಿಮ್ಮಪ್ಪ ಹೋದ ದಿನ ತಲೆ ಹಿಡ್ಕೊಳಾಕೆ ಬಾ ಅಂತ ಮೂರು ಸಲ ಕೂಗ್ದೆ. ನೀನು ಹೊಸ್ಲು ದಾಟ್ಲಿಲ್ಲ. ಓಣಿಯೋರು ಬಂದು ಹಿಡಿದ್ರು."

ಹದಿನಾಲ್ಕು ವರ್ಷ ಆ ಮನೆಯಲ್ಲಿ ಯಾರೂ ಆಡದಿದ್ದ ಮಾತು ಅದು. ಮಲ್ಲಿಕಾರ್ಜುನ ತಲೆ ತಗ್ಗಿಸಿ ಬಚ್ಚಲಿಗೆ ಹೋಗಿ ಹಂಡೆಯಿಂದ ಬಿಸಿನೀರು ತೋಡಿ ತಂದು, ಬಗ್ಗಿ, ಮಗಳ ಕೈಕಾಲಿಗೆ ತಾನೇ ಹೊಯ್ದ.