ಅಳಿಯ ಮಾಡಿದ ಬಾಣಂತನ

ಇಂದು ಬೆಳಿಗ್ಗೆ ಗೋಕಾಕದ ನಮ್ಮ ಓಣಿಯಲ್ಲಿ ಯಾರದೋ ಮನೆಯಲ್ಲಿ ತುಪ್ಪದಲ್ಲಿ ಅಂಟು ಹುರಿಯುತ್ತಿದ್ದರು. ನೀವು ಈ ಸೀಮೆಯವರಾಗಿದ್ದರೆ ಆ ವಾಸನೆಯನ್ನು ನಾನು ವಿವರಿಸಬೇಕಾಗಿಲ್ಲ. ಅಲ್ಲದಿದ್ದರೆ ಇಷ್ಟು ಹೇಳುತ್ತೇನೆ: ಮರದ ಅಂಟು ಬಿಸಿ ತುಪ್ಪಕ್ಕೆ ಬಿದ್ದು ಅರಳಿನಂತೆ ಉಬ್ಬಿ, ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿಕೊಂಡಿತೆಂದರೆ, ಒಳಗೊಬ್ಬ ಬಾಣಂತಿ ಇದ್ದಾಳೆಂಬ ಸುದ್ದಿ ಯಾರೂ ಬಾಯಿ ತೆರೆಯದೆಯೇ ಓಣಿಯ ತುದಿಯವರೆಗೆ ಹೋಗಿ ಮುಟ್ಟುತ್ತದೆ. ನಾನು ಹಲ್ಲುಜ್ಜುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕಿಟಕಿಯ ಬಳಿ ನಿಂತೆ. ಎರಡು ವರ್ಷಗಳ ಹಿಂದೆ ಕಲ್ಲೋಳಿಯ ನನ್ನ ತಂಗಿಯ ಅಡುಗೆಮನೆಯಲ್ಲಿ ಇದೇ ವಾಸನೆಯ ನಡುವೆ ಕುಳಿತು ಎರಡು ದೇಶಗಳ ಹೆರಿಗೆಯನ್ನು ತೂಗಿ ನೋಡಿದ್ದು ನೆನಪಾಯಿತು. ಎರಡು ವರ್ಷ ಎಂದು ಬರೆದ ಮೇಲೆ ದಿನಚರಿಯೊಡನೆ ತಾಳೆ ನೋಡಿಕೊಂಡೆ. ಸರಿಯಾಗಿದೆ, ಮುಂದುವರಿಯಬಹುದು.

ಈ ತಾಳೆ ನೋಡುವ ಚಟಕ್ಕೆ ಉದ್ಯೋಗವೇ ಕಾರಣ. ಶಾಸನಗಳ ಕಾಲನಿರ್ಣಯದಲ್ಲಿ ನನ್ನ ಸೇವಾವಧಿಯೆಲ್ಲ ಕಳೆದಿದೆ. ಶಾಸನದಲ್ಲಿ ಶಕವರ್ಷ ಒಂದನ್ನು ಹೇಳಿದರೆ ಸಂವತ್ಸರ ಇನ್ನೊಂದನ್ನು ಹೇಳುತ್ತದೆ; ತಿಥಿ ಕೂಡಿದರೆ ವಾರ ಕೂಡುವುದಿಲ್ಲ. ನಿವೃತ್ತನಾದ ಮೇಲೂ ಮದುವೆಯ ಪತ್ರಿಕೆ ಬಂದರೆ ಮೊದಲು ಪಂಚಾಂಗ ತೆಗೆದು ವಾರ ಸರಿಯಿದೆಯೇ ಎಂದು ನೋಡುತ್ತೇನೆ, ವಧೂವರರ ಹೆಸರು ಓದುವುದು ಆಮೇಲೆ. ತಂಗಿ ನೀಲವ್ವನ ಜನ್ಮದಿನವನ್ನೂ ನಾನು ಬಿಟ್ಟವನಲ್ಲ. ಶಾಲೆಯ ದಾಖಲೆಯ ಪ್ರಕಾರ ಅವಳು ಜೂನ್ ಒಂದರಂದು ಹುಟ್ಟಿದವಳು, ಅವಳ ತರಗತಿಯ ಮುಕ್ಕಾಲು ಪಾಲು ಮಕ್ಕಳಂತೆ. ಆದರೆ ಅವಳು ಹುಟ್ಟಿದ್ದು ಧುಪದಾಳದ ಕಟ್ಟೆಯ ಮೇಲೆ ನೀರು ಹಾಯ್ದ ವಾರದಲ್ಲಿ ಎಂದು ಅವ್ವ ಹೇಳುತ್ತಿದ್ದಳು. ಜೂನ್ ಒಂದಕ್ಕೆ ಘಟಪ್ರಭೆಗೆ ಅಷ್ಟು ನೀರು ಎಲ್ಲಿಂದ ಬರಬೇಕು? ಆದ್ದರಿಂದ ನೀಲವ್ವ ಸರ್ಕಾರ ತಿಳಿದಿರುವುದಕ್ಕಿಂತ ಎರಡು ತಿಂಗಳಾದರೂ ಚಿಕ್ಕವಳೆಂದು ನಾನು ಆಧಾರಸಹಿತ ಸಾಧಿಸಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, “ಅಣ್ಣಾ, ನಾ ಹುಟ್ಟಿದ್ದಂತೂ ಖರೆ ಐತೆಲ್ಲ?” ಎಂದು ಮಾತ್ರ ಕೇಳಿದಳು.

ನೀಲವ್ವನ ಮಗಳು ಸವಿತಾ ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಗಂಡ ಮಹಾಂತೇಶ ಹತ್ತರಗಿಯವನು, ಈಗ ಸವಿತಾ ಇರುವ ಜರ್ಮನಿಯ ಊರಿನಲ್ಲೇ ಬಸ್ ಡಿಪೋದ ಮೆಕ್ಯಾನಿಕ್. ಅವನಿಗೆ ತಾಯಿಯಿಲ್ಲ. ಸವಿತಾ ಬಸಿರಾದ ಸುದ್ದಿ ಬಂದಾಗ ನೀಲವ್ವ ಹಿಗ್ಗಿದಳು, ಮರುದಿನವೇ ಚಿಂತೆಗೆ ಬಿದ್ದಳು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮಲ್ಲಿ ಕಾಯ್ದೆಗಿಂತ ಹಳೆಯ ಮಾತು. ಮಗಳು ಬರಲಾಗದಿದ್ದರೆ ತಾಯಿ ಹೋಗಬೇಕು. ಆದರೆ ನೀಲವ್ವನ ತೊಂಬತ್ತು ದಾಟಿದ ಅತ್ತೆ ಹಾಸಿಗೆ ಹಿಡಿದಿದ್ದರು. ಸೊಸೆಯ ಕೈಯಿಂದಲ್ಲದೆ ಬೇರೆಯವರಿಂದ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ.

“ಅಣ್ಣಾ, ನೀ ಓದಿದಾವ,” ಎಂದು ನನಗೆ ಫೋನು ಮಾಡಿದಳು. “ಯಾವ ದೇಶದಾಗ ಹಡದ್ರ ಚಲೋ, ಯಾವುದರಾಗ ಖರ್ಚು ಕಮ್ಮಿ, ಸೂಟಿ ಹೆಂಗ, ಎಲ್ಲಾ ನೋಡಿ ಹೇಳು. ನೀ ಹೇಳಿದ್ರ ಅಕಿ ಕೇಳ್ತಾಳ.”

ಅವಳ ಮನಸ್ಸಿನಲ್ಲಿದ್ದ ಉತ್ತರ ಕಲ್ಲೋಳಿಯೇ ಎಂಬುದು ನನಗೆ ಗೊತ್ತಿತ್ತು. ಆದರೂ ಸಂಶೋಧಕನಿಗೆ ಪೂರ್ವಗ್ರಹ ಸಲ್ಲದು. ಖರ್ಚು ತಿಳಿಯಲೆಂದು ಕೊಡೆ ಹಿಡಿದು ಪೇಟೆಯ ಒಂದು ಖಾಸಗಿ ಹೆರಿಗೆ ಆಸ್ಪತ್ರೆಗೆ ಹೋದೆ. ಕೌಂಟರಿನ ಹುಡುಗಿ ನನ್ನನ್ನೂ ನನ್ನ ಬೆನ್ನ ಹಿಂದಿನ ಖಾಲಿ ಬೆಂಚನ್ನೂ ನೋಡಿ, “ಅಜ್ಜಾರ, ಪೇಶಂಟ್ ಎಲ್ಲಿ ಅದಾರ್ರಿ?” ಎಂದಳು.

“ಜರ್ಮನಿಯಾಗ,” ಎಂದೆ.

“ಡೆಲಿವರಿ?”

“ಅದನ್ನ ಎಲ್ಲಿ ಮಾಡಬೇಕು ಅನ್ನೂದನ್ನ ನೋಡಾಕ ಬಂದೇನಿ.”

ಅವಳು ಒಳಗೆ ಹೋಗಿ ಇನ್ನೊಬ್ಬಳನ್ನು ಕರೆತಂದಳು. ಇಬ್ಬರೂ ನನ್ನನ್ನು ಕುಳ್ಳಿರಿಸಿ ನೀರು ಕೊಟ್ಟರು. ದರ ಮಾತ್ರ ಹೇಳಲಿಲ್ಲ. ಸಹಜವೋ ಸಿಜೇರಿಯನ್ನೋ, ಜನರಲ್ ವಾರ್ಡೋ ಸ್ಪೆಷಲ್ ರೂಮೋ ಎಂಬುದರ ಮೇಲೆ ಎಲ್ಲವೂ ನಿಂತಿದೆಯಂತೆ.

ಅನಂತರ ಕಾಯ್ದೆಗಳಿಗೆ ಇಳಿದೆ. ನಮ್ಮ ಹೆರಿಗೆ ಸೌಲಭ್ಯ ಕಾಯ್ದೆ 1961ರದು. 2017ರ ತಿದ್ದುಪಡಿಯಿಂದ ಮೊದಲಿನ ಎರಡು ಮಕ್ಕಳಿಗೆ ಪೂರ್ಣ ಪಗಾರದ ಇಪ್ಪತ್ತಾರು ವಾರಗಳ ರಜೆ ಸಿಕ್ಕಿತು. ಅದು ಏಪ್ರಿಲ್ ಒಂದರಿಂದ ಜಾರಿಯಾಯಿತೋ ಜುಲೈ ಒಂದರಿಂದಲೋ ಎಂದು ಅರ್ಧ ದಿನ ತಡಕಾಡಿದೆ. ರಜೆಯ ಭಾಗ ಏಪ್ರಿಲ್ ಒಂದರಿಂದ, ಕೂಸುಗಳನ್ನು ನೋಡಿಕೊಳ್ಳುವ ಕೇಂದ್ರದ ಭಾಗ ಜುಲೈ ಒಂದರಿಂದ ಎಂದು ಗೊತ್ತಾದಾಗ ಆದ ಸಂತೋಷವನ್ನು ಹಂಚಿಕೊಳ್ಳಲು ಮನೆಯಲ್ಲಿ ಯಾರೂ ಸಿಗಲಿಲ್ಲ. ಜರ್ಮನಿಯಲ್ಲಿ ಹೆರಿಗೆಗೆ ಮುನ್ನ ಆರು ವಾರ, ಆಮೇಲೆ ಎಂಟು. ಕಾಗದದ ಮೇಲೆ ನಾವೇ ಗೆದ್ದೆವಲ್ಲ ಎಂದುಕೊಂಡೆ. ಆದರೆ ನಮ್ಮ ಕಾಯ್ದೆ ಹತ್ತು ಜನರಿಗಿಂತ ಕಡಿಮೆ ಇರುವ ಅಂಗಡಿಯನ್ನು ಕಾಣುವುದಿಲ್ಲ. ಮೂಡಲಗಿಯ ಬಯಲಿನಲ್ಲಿ ಕಬ್ಬಿನ ಕಳೆ ತೆಗೆಯುವ ಹೆಣ್ಣುಮಗಳನ್ನಂತೂ ಕಾಣುವುದೇ ಇಲ್ಲ. ಜರ್ಮನಿಯಲ್ಲಿ ಎಂಟು ವಾರ ಮುಗಿದ ಮೇಲೆ ಮಗುವಿನ ಪಾಲನೆಗೆಂದು ಬೇರೊಂದು ಭತ್ಯೆ ಶುರುವಾಗುತ್ತದೆ. ಹೆರಿಗೆಯ ಖರ್ಚನ್ನು ಅಲ್ಲಿಯ ವಿಮೆ ಹೊರುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲೂ ಹೆರಿಗೆ ಉಚಿತ. ಆದರೆ ಜರ್ಮನಿಯ ವಿಮೆ ಕಲ್ಲೋಳಿಯವರೆಗೆ ನಡೆದು ಬರುವುದಿಲ್ಲ.

ಇದನ್ನೆಲ್ಲ ಅಡಿಟಿಪ್ಪಣಿಗಳೊಡನೆ ಬರೆದುಕೊಂಡು ಕಲ್ಲೋಳಿಗೆ ಹೋದೆ. ನೀಲವ್ವ ಅಂಟು ಹುರಿಯುತ್ತಿದ್ದಳು. ಮಗಳು ಎಲ್ಲೇ ಹಡೆಯಲಿ, ಅಂಟಿನ ಉಂಡಿಯಂತೂ ಬೇಕಾಗುತ್ತದಲ್ಲ, ಕೈ ಮರೆತಿದೆಯೇ ನೋಡುತ್ತೇನೆ ಎಂದಳು. ಫೋನಿನ ಪರದೆಯಲ್ಲಿ ಸವಿತಾ, ಪಕ್ಕದಲ್ಲಿ ಮಹಾಂತೇಶ. ನಾನು ಕನ್ನಡಕ ಏರಿಸಿಕೊಂಡು ಓದಿದೆ. ಎಲ್ಲ ಮುಗಿದ ಮೇಲೆ ನೀಲವ್ವ ಜಾಲರಿ ಸೌಟಿನಿಂದ ತುಪ್ಪ ಬಸಿಯುವಷ್ಟೇ ಶಾಂತವಾಗಿ ಕೇಳಿದಳು:

“ಅದೆಲ್ಲಾ ಖರೆ. ಅಲ್ಲಿ ಕೂಸಿಗೆ ನೀರು ಎರಿಯಾವರು ಯಾರು?”

ನಾನು ಹಾಳೆ ತಿರುವಿದೆ. ಆ ದೇಶದಲ್ಲಿ ಹೆರಿಗೆಯಾದ ಮೇಲೆ ಸೂಲಗಿತ್ತಿಯೇ ಮನೆಗೆ ಬಂದು ಹೋಗುತ್ತಾಳೆ, ಅವಳ ಸಂಬಳವೂ ವಿಮೆಯದೇ ಎಂದು ಓದಿದೆ.

“ಬಂದು ಎಷ್ಟೊತ್ತು ಕುಂದರತಾಳ?”

“ಅರ್ಧ ತಾಸು ಇರಬಹುದವ್ವಾ,” ಎಂದಳು ಸವಿತಾ. “ಕೂಸಿನ ತೂಕ ನೋಡತಾಳ, ನನ್ನ ಹೊಲಿಗಿ ನೋಡತಾಳ, ಹೋಗತಾಳ.”

“ಅರ್ಧ ತಾಸಿನ್ಯಾಗ ಬಾಣಂತನ ಮುಗಿತೈತೇನ? ನಿನ್ನ ನಡಕ್ಕ ಬಿಸಿನೀರು ಹಾಕಾವರು ಯಾರು? ನೀ ಮಲಗಿದಾಗ ಕೂಸಿನ ಹಿಡಿಯಾವರು ಯಾರು?”

ಸವಿತಾ ಫೋನನ್ನು ಮುಖದ ಹತ್ತಿರ ತಂದಳು. “ಅವ್ವಾ, ನಾ ದುಡಿಯೂ ದವಾಖಾನಿ ಇದು. ಇಲ್ಲಿ ಎಲ್ಲಾರೂ ನನಗ ಗುರುತಾದವರು. ನಾ ಇಲ್ಲೇ ಹಡಿತೇನಿ. ಸಿಟ್ಟಾಗಬ್ಯಾಡ.”

ನೀಲವ್ವ ಸಿಟ್ಟಾಗಲಿಲ್ಲ. ಒಲೆ ಆರಿಸಿ, ಅತ್ತೆಗೆ ಗಂಜಿ ಉಣಿಸುವ ಹೊತ್ತಾಯಿತು ಎಂದು ಒಳಗೆ ಹೋದಳು. ಗಂಜಿಯ ಹೊತ್ತು ಅದಾಗಿರಲಿಲ್ಲ. ನನ್ನ ಏಳು ಪುಟಗಳು ಅಡುಗೆಮನೆಯ ನೆಲದ ಮೇಲೆ ಗಾಳಿಗೆ ಅಲುಗುತ್ತಿದ್ದವು. ಅವುಗಳಲ್ಲಿ ಖರ್ಚಿಗೆ ಒಂದು ಸಾಲು, ರಜೆಗೆ ಒಂದು ಸಾಲು ಇತ್ತು. ಕೂಸನ್ನು ಹಿಡಿಯುವ ಕೈಗಳಿಗೆ ಒಂದು ಸಾಲನ್ನೂ ನಾನು ಹಾಕಿರಲಿಲ್ಲ.

ಆಗ ಮಹಾಂತೇಶ ಬಾಯಿ ಬಿಟ್ಟ. “ಮಾಮಾ, ಅದರಾಗ ಕೂಸಿನ ಅಪ್ಪಗ ಏನೂ ಇಲ್ಲೇನ್ರಿ?”

ಇತ್ತು. ಅಡಿಟಿಪ್ಪಣಿಯಲ್ಲಿ ಇತ್ತು, ಅದೂ ಸಣ್ಣ ಅಕ್ಷರದಲ್ಲಿ. ಆ ದೇಶದ ಪಾಲನಾ ಭತ್ಯೆ ತಂದೆಗೂ ಸಲ್ಲುತ್ತದೆ. ಅವನೂ ರಜೆ ಹಾಕಿದರೆ ಇಬ್ಬರ ಪಾಲಿಗೆ ಇನ್ನೆರಡು ತಿಂಗಳು ಹೆಚ್ಚೇ ದೊರೆಯುತ್ತವೆ. ಪಗಾರದ ಸುಮಾರು ಮೂರರಲ್ಲಿ ಎರಡು ಪಾಲನ್ನು ಸರ್ಕಾರ ಕೊಡುತ್ತದೆ. ನಾನು ಓದಿ ಹೇಳಿದೆ.

“ಹಂಗಾದ್ರ ಸೂಟಿ ಹಾಕಿ ಬಾಣಂತನ ನಾನ ಮಾಡ್ತೇನ್ರಿ. ಅತ್ತಿ ಕಲಿಸಲಿ.”

ಒಳಗಿನಿಂದ ನೀಲವ್ವ ನಕ್ಕಳು. ಅದು ಸಂತೋಷದ ನಗೆಯಾಗಿರಲಿಲ್ಲ. ಗಂಡಸರು ಇಂಥ ಮಾತನ್ನು ಹೊತ್ತು ಕಳೆಯಲು ಆಡುತ್ತಾರೆಂದು ಅವಳು ತಿಳಿದಿದ್ದಳು.

ಏಳನೆಯ ತಿಂಗಳಲ್ಲಿ ಸೀಮಂತದ ಕುಬಸಕ್ಕೆಂದು ಗಂಡಹೆಂಡತಿ ಇಬ್ಬರೂ ಕಲ್ಲೋಳಿಗೆ ಬಂದರು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು ಎಲ್ಲ ಸಾಂಗವಾಗಿ ಮುಗಿದ ಮರುದಿನ ಮಹಾಂತೇಶ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ ಬಚ್ಚಲ ಮುಂದೆ ನಿಂತ. “ಅತ್ತಿ, ಕಲಿಸ್ರಿ.” ನೀಲವ್ವ ಅವನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಒಂದು ಕುಂಬಳಕಾಯಿ ತಂದಳು.

ನಮ್ಮಲ್ಲಿ ಕೂಸಿಗೆ ಎರೆಯುವುದನ್ನು ನೀವು ನೋಡಿರಬಹುದು. ಎರೆಯುವವಳು ಗಿಡ್ಡ ಮಣೆಯ ಮೇಲೆ ಕುಳಿತು ಎರಡೂ ಕಾಲು ಚಾಚುತ್ತಾಳೆ. ಮೊಣಕಾಲ ಕೆಳಗಿನ ಆ ಇಳಿಜಾರಿನಲ್ಲಿ ಕೂಸು ಬೋರಲಾಗಿ ಮಲಗುತ್ತದೆ. ಮಹಾಂತೇಶನ ಕಾಲ ಮೇಲೆ ಎಣ್ಣೆ ಹಚ್ಚಿದ ಕುಂಬಳಕಾಯಿ ಮಲಗಿತು. ಪಕ್ಕದ ಮನೆಯ ಬೀಬಿಜಾನ್ ಸುದ್ದಿ ಕೇಳಿ ಮೊಮ್ಮಗನನ್ನು ಸೊಂಟದ ಮೇಲಿಟ್ಟುಕೊಂಡೇ ಓಡಿಬಂದಳು.

“ಯಾ ಅಲ್ಲಾ! ನೀಲಕ್ಕಾ, ಅಳಿಯಾರ ಕೂಸು ಭಾಳ ದುಂಡಗೈತಿ! ಯಾರ್‍ನ ಹೋಲತೈತಿ?”

“ಅಪ್ಪನ್ನ,” ಎಂದಳು ನೀಲವ್ವ ನಗದೆ. “ಮಹಾಂತೇಶಪ್ಪಾ, ಕುತ್ತಿಗಿ ಹಿಡಿ. ಬಸ್ಸಿನ ಗಾಲಿ ಅಲ್ಲ ಅದು.”

ಸಾಬೂನು ಬಿದ್ದದ್ದೇ ತಡ, ಕುಂಬಳಕಾಯಿ ಜಾರಿ ಬಚ್ಚಲ ಕಲ್ಲಿಗೆ ಬಡಿದು ಸೀಳಿತು.

“ಸತ್ಯಾನಾಶ!” ಎಂದಳು ಬೀಬಿಜಾನ್. “ಅಳಿಯಾರ, ಇನ್ನೊಂದು ಹಡೀರಿ!”

ಒಳಗಿನ ಹಾಸಿಗೆಯಿಂದ ಮುದುಕಿ, “ಏನ ಬಿತ್ತಲೇ?” ಎಂದು ಕೂಗಿದಳು. ಸವಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಹಾಂತೇಶ ಮಾತ್ರ ನಗಲಿಲ್ಲ. ಕೈ ಒರೆಸಿಕೊಂಡು, “ಅತ್ತಿ, ಇನ್ನೊಂದು ಕಾಯಿ ಐತೇನ್ರಿ?” ಎಂದ. ಆ ಪ್ರಶ್ನೆ ಕೇಳಿದಾಗಲೇ ನೀಲವ್ವನ ಹುಬ್ಬಿನ ಗಂಟು ಸಡಿಲವಾದದ್ದನ್ನು ನಾನು ಕಂಡೆ.

ಆ ವಾರ ಆ ಮನೆಯಲ್ಲಿ ಕುಂಬಳಕಾಯಿ ಪಲ್ಯ, ಕುಂಬಳಕಾಯಿ ಗಾರಿಗೆ. ವಾರದ ಕೊನೆಗೆ ಬೀಬಿಜಾನ್ ತಾನಾಗಿಯೇ ಮೊಮ್ಮಗನನ್ನು ಅವನ ಕಾಲ ಮೇಲೆ ಮಲಗಿಸಿ, “ಹಿಡೀರಿ, ಇದು ಪಲ್ಯಕ್ಕ ಬರೂದಿಲ್ಲ,” ಎಂದಳು. ಕೂಸು ಅತ್ತಿತು, ಜಾರಲಿಲ್ಲ. ಮೊಣಕೈಯಿಂದ ನೀರಿನ ಬಿಸಿ ನೋಡುವುದು, ಅಂಟನ್ನು ಕರಕಾಗದಂತೆ ಉಬ್ಬಿಸುವುದು, ಅಳವಿ ಕಾಳಿನ ಪಾಯಸ, ಬಾಣಂತಿಯ ತಲೆ ಬೆಚ್ಚಗೆ ಕಟ್ಟುವುದು, ಎಲ್ಲವನ್ನೂ ಅವನು ಕಲಿತ. ಅಜವಾನದ ಹೊಗೆ ಹಾಕುವಲ್ಲಿ ಮಾತ್ರ ತಕರಾರು ಬಂತು.

“ಅತ್ತಿ, ಅಲ್ಲಿ ಮನಿ ಮಾಳಗಿಗೆ ಒಂದು ಯಂತ್ರ ಇರತೈತ್ರಿ. ಹೊಗಿ ಹಾಕಿದ್ರ ಹೊಯ್ಕೋತೈತಿ. ಬೆಂಕಿ ಆರಿಸಾವರು ಗಾಡಿ ತಗೊಂಡು ಬರ್ತಾರ್ರಿ.”

“ಬರಲಿ. ಅವರಿಗೂ ಒಂದೊಂದು ಉಂಡಿ ಕೊಡು.”

ಕೊನೆಗೆ ಸವಿತಾ ನರ್ಸಿನ ಅಧಿಕಾರದಿಂದ, ಹೊಗೆ ಕೂಸಿನ ಉಸಿರಿಗೆ ಒಳ್ಳೆಯದಲ್ಲ ಎಂದು ಅದನ್ನು ಪಟ್ಟಿಯಿಂದ ಹೊಡೆದುಹಾಕಿದಳು. ನೀಲವ್ವ ಗೊಣಗಿದಳು, ಆದರೆ ಒಪ್ಪಿದಳು. ಹೊರಡುವ ದಿನ ಅವಳು ಮಗಳ ಕೈ ಹಿಡಿಯಲಿಲ್ಲ. ಅಳಿಯನ ಎರಡೂ ಕೈಗಳನ್ನು ಹಿಡಿದು, ಉಗುರಿನ ಸಂದಿಯ ಎಣ್ಣೆಯ ಕಪ್ಪನ್ನು ನೋಡಿ, “ಇಷ್ಟು ತೊಳಕೊಂಡ್ರ ಸಾಕು,” ಎಂದಳು.

ಹೆಣ್ಣು ಕೂಸು ಹುಟ್ಟಿತು. ಹೊಕ್ಕುಳ ಬಳ್ಳಿ ಬಿದ್ದ ಮೇಲೆ ಮಹಾಂತೇಶ ಮೊದಲ ಸಲ ಎರೆಯುವಾಗ ಫೋನನ್ನು ನಲ್ಲಿಗೆ ಆನಿಸಿ ಇಟ್ಟಿದ್ದರು. ಈ ಕಡೆ ಕಲ್ಲೋಳಿಯಲ್ಲಿ ಅತ್ತೆಯ ಹಾಸಿಗೆಯ ಅಂಚಿನಲ್ಲಿ ನೀಲವ್ವ, ಅವಳ ಹಿಂದೆ ನಾನು. ನೀಲವ್ವನ ಕಾಲುಗಳು ತಾವಾಗಿಯೇ ನೆಲದ ಮೇಲೆ ಚಾಚಿಕೊಂಡಿದ್ದವು. ಅವನು ನೀರು ಹೊಯ್ಯುವಾಗ ಅವಳ ಕೈಯೂ ಗಾಳಿಯಲ್ಲಿ ಅಷ್ಟೇ ಇಳಿಯುತ್ತಿತ್ತು. ಅಷ್ಟರಲ್ಲಿ ಆ ದೇಶದ ಸೂಲಗಿತ್ತಿ ಬಂದಳು. ಬಾಗಿಲಲ್ಲಿ ಗಾಬರಿಯಿಂದ ನಿಂತವಳು ಸ್ವಲ್ಪ ಹೊತ್ತಿಗೆ ನೆಲದ ಮೇಲೆಯೇ ಕುಳಿತು ನೋಡಿದಳು. ಕೂಸು ಎರೆಸಿಕೊಂಡು ನಿದ್ದೆಹೋದ ಮೇಲೆ ಅವಳು ಏನನ್ನೋ ಕೇಳಿದಳು.

“ಏನಂದ್ಳು?” ಎಂದಳು ನೀಲವ್ವ.

“ಎಲ್ಲಿ ಟ್ರೇನಿಂಗ್ ಆತು ಅಂತ ಕೇಳಿದ್ಳ್ರಿ ಅತ್ತಿ. ಕಲ್ಲೋಳಿ ಅಂದೆ.”

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತೆಗೆ ಗಂಜಿ ಉಣಿಸಿದಳು; ಅಂದು ನಿಜವಾಗಿಯೂ ಗಂಜಿಯ ಹೊತ್ತಾಗಿತ್ತು.

ಇಷ್ಟನ್ನು ಬೆಳಿಗ್ಗೆ ನೆನೆದುಕೊಂಡು ಬರೆಯತೊಡಗಿದ್ದೆ. ಸಂಜೆಯ ಹೊತ್ತಿಗೆ ನೀಲವ್ವನ ಮಗ ಸಿದ್ದು ಕಲ್ಲೋಳಿಯಿಂದ ಬೈಕಿನ ಮೇಲೆ ಬಂದ. ಅವನು ಇಲ್ಲಿಯ ಒಂದು ಖಾಸಗಿ ಕಾರ್ಖಾನೆಯಲ್ಲಿ ಗುಮಾಸ್ತ. ಹೆಂಡತಿ ಹುಕ್ಕೇರಿಯವಳು. ಮೊದಲ ಹೆರಿಗೆ ಅವಳ ತವರಿನಲ್ಲಾಯಿತು. ಇವನು ತೊಟ್ಟಿಲಿಗೆ ಹಾಕುವ ದಿನ ಹೋಗಿ, ಅತಿಥಿಯಂತೆ ಕುಳಿತು, ಕೂಸನ್ನು ಒಂದು ಸಲ ಮುಟ್ಟಿ ಬಂದಿದ್ದ. ಎರಡನೆಯದು ಮುಂದಿನ ತಿಂಗಳು, ಕಲ್ಲೋಳಿಯಲ್ಲೇ.

“ಮಾಮಾ, ಅವ್ವ ಕಳಸ್ಯಾಳ್ರಿ. ಈ ಸಲ ನಾನ ಎರೀಬೇಕಂತ. ಸೂಟಿಗೆ ಅರ್ಜಿ ಬರಸ್ಕೊಂಡು ಬಾ ಅಂದಾಳ.”

ನಾನು ಕನ್ನಡಕ ಹಾಕಿಕೊಂಡು ವಿವರಿಸಿದೆ. ಕೇಂದ್ರ ಸರ್ಕಾರದ ನೌಕರನಾಗಿದ್ದರೆ ತಂದೆಗೆ ಹದಿನೈದು ದಿನ ಉಂಟು. ಖಾಸಗಿ ಕಾರ್ಖಾನೆಯ ತಂದೆಗೆ ನಮ್ಮಲ್ಲಿ ಯಾವ ಕಾಯ್ದೆಯೂ ಇಲ್ಲ. ಸಿದ್ದು ಅಲ್ಲಿಯೇ ತಾಯಿಗೆ ಫೋನು ಹಚ್ಚಿ ಕೊಟ್ಟ. ಅವಳಿಗೂ ಅದನ್ನೇ ಹೇಳಿದೆ.

“ಅಣ್ಣಾ,” ಎಂದಳು ನೀಲವ್ವ, “ಕಾಯ್ದಾ ಬರೂತನಾ ಕೂಸು ತಡೀತೈತೇನ? ನೀ ಬರಿ.”

ಆಧಾರವಿಲ್ಲದೆ ಒಂದು ವಾಕ್ಯವನ್ನೂ ಬರೆದವನಲ್ಲ ನಾನು. ಹಾಳೆಯ ಮೇಲೆ ದಿನಾಂಕ ಹಾಕಿದೆ. ಕಾಯ್ದೆಯ ಹೆಸರು, ಕಲಮು, ಉಪಕಲಮು ಬರಬೇಕಾದ ಕಡೆ ಪೆನ್ನು ನಿಂತಿತು. ಆಮೇಲೆ ಬರೆದೆ: ‘ನಮ್ಮ ಮನೆಯಲ್ಲಿ ಕೂಸು ಹುಟ್ಟಲಿದೆ. ಅದಕ್ಕೆ ನಾನು ಎರೆಯಬೇಕಾಗಿದೆ. ದಯವಿಟ್ಟು ರಜೆ ಕೊಡಬೇಕು.’

ಸಿದ್ದು ಎರಡು ಸಲ ಓದಿದ. “ಮಾಮಾ, ಇಷ್ಟ ಸಾಕೇನ್ರಿ?”

ಹಾಳೆಯನ್ನು ಮಡಚಿ ಅವನ ಕೈಗೆ ಕೊಟ್ಟೆ. “ಸಾಕು,” ಎಂದೆ. “ಮದಲ ಒಂದು ಕುಂಬಳಕಾಯಿ ತಗೊಂಡು ಮನಿಗೆ ಹೋಗು.”